ಅಮ್ಮಾಜಮ್ಮನ ಜುಮ್ಮುಗಂಬ

ಮನೆಗೆ ಲೈಟು ಹಾಕಿಸುವಾಗ ಶಿಡ್ಲಘಟ್ಟದ ಜನ ವೈರ್‌ಮನ್ ನಲ್ಲಪ್ಪನಿಗೆ ಎರಡೇ ಪ್ರಶ್ನೆ ಹಾಕುತ್ತಿದ್ದರು. ಬಲ್ಬು ಎಲ್ಲಿ ನೇತುಹಾಕುತ್ತೀಯ ಅನ್ನುವುದು ಒಂದು. ಆ ಗುಂಡಿ ತೋಡದಿದ್ದರೆ ಆಗುವುದಿಲ್ಲವೇ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಅವನು ನೆಟ್ಟಗೆ ಉತ್ತರ ಕೊಡುತ್ತಿದ್ದ. ಎರಡನೆಯದು ಕಿವಿಗೆ ಬಿದ್ದ ಕೂಡಲೇ ಅವನ ಮೂಗಿನ ತುದಿ ಕೆಂಪಾಗುತ್ತಿತ್ತು.

ಗುಂಡಿಯೆಂದರೆ ಅರ್ತ್ ಗುಂಡಿ. ಆಳುದ್ದ ತೋಡಿ, ಕಬ್ಬಿಣದ ಪೈಪು ನಿಲ್ಲಿಸಿ, ಸುತ್ತ ಒಂದು ಪದರ ಇದ್ದಿಲು, ಒಂದು ಪದರ ಉಪ್ಪು ತುಂಬಿ, ಆ ಪೈಪಿನಿಂದ ಒಂದು ತಾಮ್ರದ ತಂತಿ ಎಳೆದು ಯಂತ್ರದ ಮೈಗೆ ಬಿಗಿಯುವುದು. ಯಂತ್ರದ ಹೊಟ್ಟೆಯೊಳಗಿನ ಕರೆಂಟು ದಾರಿ ತಪ್ಪಿ ಅದರ ಮೈಮೇಲೆ ಬಂದರೆ, ಮುಟ್ಟಿದ ಮನುಷ್ಯನನ್ನು ಹಿಡಿಯದೆ ಆ ತಂತಿಯಲ್ಲೇ ಇಳಿದು ಮಣ್ಣು ಸೇರಬೇಕು. ಇಷ್ಟೇ ಸಂಗತಿ. ಇದನ್ನು ನಲ್ಲಪ್ಪ ಹತ್ತು ವರ್ಷದಿಂದ ಚಿಕ್ಕಬಳ್ಳಾಪುರದಿಂದ ಚಿಂತಾಮಣಿಯವರೆಗೆ ಹೇಳಿಕೊಂಡು ಬಂದಿದ್ದ. ಕೋಣನ ಮುಂದೆ ಕಿನ್ನರಿ ಬಾರಿಸಿದ್ದರೆ ಕೋಣವಾದರೂ ಒಂದು ಸಲ ತಲೆ ಆಡಿಸುತ್ತಿತ್ತೇನೋ. ಗೌರಿಬಿದನೂರಿನ ಕಡೆ ಒಂದು ಅಕ್ಕಿ ಗಿರಣಿಯಲ್ಲಿ, ತನ್ನ ಜೊತೆಗೇ ಕೆಲಸ ಕಲಿತವನೊಬ್ಬ ಕರೆಂಟು ಹಿಡಿದು ಸತ್ತದ್ದನ್ನು ಅವನು ಕಣ್ಣಾರೆ ಕಂಡಿದ್ದ. ಅಲ್ಲಿನವರು ಅರ್ತ್ ತಂತಿಯನ್ನು ಬಿಚ್ಚಿಕೊಂಡು ಬಟ್ಟೆ ಒಣಗಿಸಲು ಕಟ್ಟಿದ್ದರು. ಹೆಣ ಎತ್ತುವಾಗಲೂ ಆ ತಂತಿಯ ಮೇಲೆ ಎರಡು ಪಂಚೆ ಒಣಗುತ್ತಿದ್ದವು.

ಇಂಥ ನಲ್ಲಪ್ಪನ ಹೆಂಡತಿ ಆಂಜಿನಮ್ಮ ಕೂಲಿಗೆ ಹೋಗುತ್ತಿದ್ದದ್ದು ವೆಂಕಟರಾಮಪ್ಪನ ರೇಷ್ಮೆ ಶೆಡ್ಡಿಗೆ. ಜಂಗಮಕೋಟೆಯ ಕಡೆ ಹಿಪ್ಪುನೇರಳೆ ತೋಟವಿದ್ದ ಹಳೆಯ ಕುಳ ಅದು. ಚಿಂತಾಮಣಿ ರಸ್ತೆಯಲ್ಲಿ ಮನೆ, ಮನೆಯ ಹಿತ್ತಲಿಗೆ ಅಂಟಿಕೊಂಡು ಶೆಡ್ಡು. ಅಲ್ಲಿ ಎಂಟು ಜನ ಹೆಂಗಸರು ಎಂಟು ಬೇಸಿನ್ನುಗಳ ಮುಂದೆ ನಿಂತು, ಬಿಸಿನೀರಿನಲ್ಲಿ ಬೆಂದ ಗೂಡುಗಳ ಎಳೆ ಹುಡುಕಿ ರಾಟೆಗೆ ಕೊಡುತ್ತಿದ್ದರು. ಬೆಳಗಿನಿಂದ ಸಂಜೆಯವರೆಗೆ ಕೈಯೂ ನೀರಿನಲ್ಲಿ, ಕಾಲೂ ನೀರಿನಲ್ಲಿ. ಸಾವಿರದ ಒಂಬೈನೂರ ಅರವತ್ತನಾಲ್ಕರ ಬೇಸಿಗೆಯಲ್ಲಿ ರಾಟೆ ತಿರುಗಿಸಲು ಮೋಟಾರು ಬಂತು. ವೈರಿಂಗ್ ಕೆಲಸವನ್ನು ನಲ್ಲಪ್ಪ ಬೇಡಿ ತೆಗೆದುಕೊಂಡ. ಮೋಟಾರು ಕೂತಿದ್ದ ಕಬ್ಬಿಣದ ಚೌಕಟ್ಟಿಗೆ ಒಂದು ಕಂಬವಿತ್ತು. ಆ ಕಂಬದಿಂದ ಒಂದೇ ಮೊಳ ಆಚೆಗೆ ಆಂಜಿನಮ್ಮನ ಬೇಸಿನ್ನು. ಬೇರೆ ಯಾವನೋ ಬಂದು ಅಡ್ಡಾದಿಡ್ಡಿ ವೈರು ಎಳೆದುಹೋದರೆ ನಲ್ಲಪ್ಪನಿಗೆ ನಿದ್ದೆ ಹತ್ತುತ್ತಿರಲಿಲ್ಲ.

ಗುಂಡಿ ತೋಡಲು ಹಾರೆ ಎತ್ತಿದಾಗಲೇ ವಿಘ್ನ ಶುರುವಾಯಿತು. ವೆಂಕಟರಾಮಪ್ಪನ ತಾಯಿ ಅಮ್ಮಾಜಮ್ಮನಿಗೆ ಎಪ್ಪತ್ತರ ಹತ್ತಿರ ವಯಸ್ಸು. ಮಂಡಿನೋವು ಹಿಡಿದು ಮೂರು ವರ್ಷದಿಂದ ಜಗುಲಿ ಬಿಟ್ಟು ಇಳಿದಿರಲಿಲ್ಲ. ಗಂಟಲಿಗೆ ಮಾತ್ರ ಯಾವ ನೋವೂ ಇರಲಿಲ್ಲ.

“ಏಮ್ರಾ ನಲ್ಲಪ್ಪ, ಉಪ್ಪು ಇದ್ದಿಲು ತಂದು ನನ್ನ ಹಿತ್ತಲಲ್ಲಿ ಹೂಳ್ತಾ ಇದೀಯ? ಮಾಟ ಮಾಡಿಸೋರು ಕಣೋ ಅವನ್ನ ಹೂಳೋದು!”

“ಅಮ್ಮಾ, ಇದು ಸರ್ಕಾರದ ರೂಲು.”

“ಸರ್ಕಾರಕ್ಕೆ ಹಲ್ಲುಜ್ಜೋಕೆ ಬೇಕಿದ್ರೆ ಕೊಡು ಉಪ್ಪು ಇದ್ದಿಲು. ನನ್ನ ನೆಲಕ್ಕೆ ಬೇಡ.”

ಗುಂಡಿಯಿಲ್ಲದೆ ಕರೆಂಟು ಕೊಡುವುದಿಲ್ಲವೆಂದು ಕೊನೆಗೆ ಇನ್ಸ್‌ಪೆಕ್ಟರೇ ಬಂದು ಹೇಳಬೇಕಾಯಿತು. ಆಗ ಅಮ್ಮಾಜಮ್ಮ ನಾಲ್ಕು ನಿಂಬೆಹಣ್ಣು ಕುಯ್ಯಿಸಿ, ಗುಂಡಿಗೆ ಕುಂಕುಮ ಎರಚಿಸಿ, ಹಲ್ಲು ಕಚ್ಚಿಕೊಂಡು ಒಪ್ಪಿದಳು. ಗುಂಡಿ ಒಣಗಬಾರದು, ದಿನಾ ಎರಡು ಬಿಂದಿಗೆ ನೀರು ಹಾಕಬೇಕು ಎಂದು ನಲ್ಲಪ್ಪ ಹೇಳಿದ. ಪೈಪಿಗೆ ನೀರು ಹಾಕೋಕೆ ಇದೇನು ತುಳಸಿ ಗಿಡವೇ ಎಂದು ಮನೆಯವರು ನಕ್ಕರು. “ನಾನೇ ಸೇದಿ ಹಾಕ್ತೀನಿ ಬಿಡ್ರಿ” ಎಂದಳು ಆಂಜಿನಮ್ಮ. ಯಾರೂ ನಗಲಿಲ್ಲ. ಅವಳ ಕೇರಿಯವರು ಆ ಹಿತ್ತಲಿನ ಬಾವಿಯ ಹಗ್ಗ ಮುಟ್ಟುವ ಹಾಗಿರಲಿಲ್ಲ. ಬೇಸಿನ್ನಿನ ನೀರಿನಲ್ಲಿ ಅವಳು ದಿನವಿಡೀ ಕೈಯಾಡಿಸಿದರೆ ರೇಷ್ಮೆಗೆ ಮೈಲಿಗೆಯಿಲ್ಲ, ಬಾವಿಗೆ ಮಾತ್ರ ಉಂಟು. ಹೇಗೋ ಮಳೆಗಾಲ ಬಂದು ಆ ವರ್ಷ ಗುಂಡಿಯ ಬಾಯಾರಿಕೆ ತೀರಿಸಿತು.

ಶ್ರಾವಣದಲ್ಲಿ ಒಂದು ವಾರ ಗೂಡಿನ ಎಳೆ ತುಂಡುತುಂಡಾಗಿ ಬರತೊಡಗಿತು. ಮಳೆಗೆ ಗೂಡು ಮೆತ್ತಗಾದರೆ ಹಾಗಾಗುವುದು ಊರಿಗೆಲ್ಲ ಗೊತ್ತಿರುವ ವಿಷಯ. ಅಮ್ಮಾಜಮ್ಮನ ಲೆಕ್ಕವೇ ಬೇರೆ. ಉಪ್ಪು ಹೂತ ಮನೆ ಉದ್ಧಾರವಾಗುವುದುಂಟೇ? ಆಳಿಗೆ ಹೇಳಿ ಮೋಟಾರಿಗೂ ಗುಂಡಿಗೂ ಇದ್ದ ನಂಟನ್ನು ಕಡಿಸಿದಳು. ತಂತಿ ಬಿಚ್ಚಿದ್ದಾರೋ ಇಲ್ಲವೋ ಎಂದು ಕಣ್ಣಲ್ಲೇ ನೋಡಲು ಇಬ್ಬರ ಹೆಗಲು ಹಿಡಿದು ಶೆಡ್ಡಿಗೆ ಬಂದಳು. ನೆಲ ಕೊಚ್ಚೆಯಾಗಿದೆಯೆಂದು ಒಂದು ಒಣ ಮಣೆ ಹಾಕಿಸಿಕೊಂಡು, ಅದರ ಮೇಲೆ ಕಾಲಿಟ್ಟು ಕೂತು, ಆಸರೆಗೆ ಕಂಬ ಹಿಡಿದಳು. ಬೇಸಿನ್ನುಗಳ ಹಬೆ ಕುಡಿದು ಕುಡಿದು ಮೋಟಾರಿನ ಒಳಗಿನ ತಂತಿಸುತ್ತು ಅಷ್ಟು ಹೊತ್ತಿಗೆ ಕೆಟ್ಟು, ಕರೆಂಟು ಅದರ ಮೈಮೇಲೆ ಬಂದಿತ್ತು. ಕಂಬದಲ್ಲಿ ಏನೋ ಜುಂ ಎಂದಿತು. ಅಮ್ಮಾಜಮ್ಮ ಕಣ್ಣು ಮುಚ್ಚಿದಳು. ಅಂದು ಮನೆಗೆ ವಾಪಸು ಹೋಗುವಾಗ ಅವಳು ಹಿಡಿದದ್ದು ಒಬ್ಬರ ಹೆಗಲನ್ನು ಮಾತ್ರ. ದಿನಾ ಬಂದು ಕಂಬ ಹಿಡಿದಳು, ನಾಲ್ಕನೆಯ ದಿನಕ್ಕೆ ಯಾರ ಹೆಗಲೂ ಬೇಡವಾಯಿತು.

ಸಂಜೆ ಮುದ್ದೆ ಬಡಿಸುತ್ತ ಆಂಜಿನಮ್ಮ ಈ ಕಥೆ ಹೇಳಿದಳು.

“ಅಜ್ಜಿ ಮಣೆ ಮ್ಯಾಲೆ ಕೂತ್ಕೊಂಡು ಕಂಬ ಹಿಡ್ಕೊಂಡು, ಮಂಡಿಗೆ ಜುಂ ಜುಂ ಅಂತೈತೆ ಅಂತ ನಗ್ತಾಳೆ. ನಮ್ಗೆ ಮೊಣಕೈ ತಗುಲಿದ್ರೆ ಚೇಳು ಕುಟುಕ್ದಂಗೆ ಆಗ್ತೈತೆ.”

ನಲ್ಲಪ್ಪ ಮುದ್ದೆ ಮುರಿಯಲಿಲ್ಲ. ತಟ್ಟೆ ಪಕ್ಕಕ್ಕೆ ತಳ್ಳಿ, “ಅರ್ತ್ ತಂತಿ ಬಿಚ್ಚವ್ರಾ?” ಎಂದ.

“ಆಗ್ಲೇ ಬಿಚ್ಚವ್ರೆ.”

ಮರುದಿನ ಬೆಳಗ್ಗೆ ಹೋಗಿ ತಂತಿ ಬಿಗಿದು ಬಂದ. ಎರಡು ದಿನಕ್ಕೆ ಅದು ಬಿಚ್ಚಿತ್ತು. ಮತ್ತೆ ಬಿಗಿದ, ಮತ್ತೆ ಬಿಚ್ಚಿದರು. ಮೂರನೆಯ ಸಲ ಹೋಗುವ ಹೊತ್ತಿಗೆ ಶೆಡ್ಡಿನ ಬಾಗಿಲಲ್ಲಿ ಒಂದು ಸಾಲೇ ಕೂತಿತ್ತು. ಮುರುಗಮಲ್ಲದಿಂದ ಬಸ್ಸಿನಲ್ಲಿ ಬಂದ ಒಬ್ಬ ಅಂಗಡಿಯವನು, ಸೊಂಟ ಹಿಡಿದಿದ್ದ ಅಕ್ಕಯಮ್ಮ, ಅವರೆಲ್ಲರ ಮುಂದೆ ರಿಟೈರಾದ ಮೇಷ್ಟ್ರು ನರಸಿಂಹಪ್ಪ. ಎಲ್ಲರಿಗೂ ಸರದಿಯ ಮೇಲೆ ಅದೇ ಮಣೆ. ಕಂಬಕ್ಕೆ ಅರಿಶಿನ ಬಳಿದು ಒಂದು ಮೊಳ ಕನಕಾಂಬರ ಸುತ್ತಿದ್ದರು. ನಲ್ಲಪ್ಪ ಹಣೆ ಹಣೆ ಚಚ್ಚಿಕೊಂಡ.

“ಮೇಷ್ಟ್ರೇ, ನೀವಾದ್ರೂ ಓದಿದೋರು. ಇದು ಔಷಧ ಅಲ್ಲ, ಮೋಟಾರು ಕೆಟ್ಟಿರೋದು. ಇವತ್ತು ಜುಂ ಅನ್ನೋದು ನಾಳೆ ಪ್ರಾಣ ತೆಗೀತದೆ.”

“ವಿಜ್ಞಾನ ಕಣಯ್ಯ ಇದು,” ಎಂದರು ಮೇಷ್ಟ್ರು, ಮಣೆಯಿಂದ ಏಳದೆ. “ಬೆಂಗಳೂರಿನ ಆಸ್ಪತ್ರೆಗಳಲ್ಲಿ ದುಡ್ಡು ತಗೊಂಡು ಕರೆಂಟು ಕೊಡ್ತಾರೆ. ಇಲ್ಲಿ ಪುಗಸಟ್ಟೆ ಸಿಕ್ತಾ ಇದೆ.”

ವೆಂಕಟರಾಮಪ್ಪ ಕೆಟ್ಟವನಲ್ಲ. ಒಳ್ಳೆಯವನಾಗಿದ್ದರಿಂದಲೇ ಅವನು ಯಾವುದಕ್ಕೂ ಉಪಯೋಗಕ್ಕೆ ಬರುತ್ತಿರಲಿಲ್ಲ. ನಲ್ಲಪ್ಪನನ್ನು ಗೂಡಿನ ಕೋಣೆಯ ಮರೆಗೆ ಕರೆದು ಮೆಲ್ಲಗೆ ಹೇಳಿದ.

“ಮೂರು ವರ್ಷ ಆದ್ಮೇಲೆ ನಮ್ಮಮ್ಮ ತಾನೇ ಎದ್ದು ತುಳಸಿಗೆ ನೀರು ಹಾಕವ್ಳೆ ಕಣೋ. ನೀನು ಬಂದು ತಂತಿ ಕಟ್ಟೋದು, ಅವಳು ಮತ್ತೆ ಜಗುಲಿ ಹಿಡಿಯೋದು. ನಾನು ಯಾರಿಗೆ ಅಂತ ಹೇಳ್ಲಿ?”

“ಮೋಟಾರು ಬೆಂಗಳೂರಿಗೆ ಕಳಿಸಿ, ಒಳಗಿನ ಸುತ್ತು ಹೊಸದಾಗಿ ಹಾಕಿಸ್ರಿ.”

“ಹದಿನೈದು ದಿನ ಶೆಡ್ಡು ಮುಚ್ಚಕ್ಕಾಗ್ತದಾ? ಗೂಡಿನ ಸೀಸನ್ನು ಇದು. ದೀಪಾವಳಿ ಆಗ್ಲಿ, ನೋಡಣ.”

ದೀಪಾವಳಿಯವರೆಗೆ ಕರೆಂಟು ಕಾಯಲಿಲ್ಲ. ಭಾದ್ರಪದದ ಒಂದು ಮಧ್ಯಾಹ್ನ, ನೀರು ಹೋಗುವ ತೂಬು ಕಟ್ಟಿಕೊಂಡು ನೆಲದಲ್ಲಿ ಹಿಮ್ಮಡಿ ಮುಳುಗುವಷ್ಟು ನೀರು ನಿಂತಿತ್ತು. ಆಂಜಿನಮ್ಮ ಕಾಲು ಜಾರಿ, ಬೀಳದಿರಲೆಂದು ಕೈ ಚಾಚಿದಳು. ಸಿಕ್ಕಿದ್ದು ಕಂಬ. ಬಾಯಿ ತೆರೆದಳು, ಕೂಗು ಹೊರಡಲಿಲ್ಲ. ಪಕ್ಕದ ಬೇಸಿನ್ನಿನ ಅನಸೂಯಮ್ಮ ಅವಳ ಮುಖ ನೋಡಿ, ಗೂಡು ತಿರುವುವ ಬಿದಿರಿನ ಕೋಲಿನಿಂದ ಮೊಣಕೈಗೆ ಬಲವಾಗಿ ಹೊಡೆದಳು. ಕೈ ಬಿಟ್ಟಿತು. ಬಿಟ್ಟ ರಭಸಕ್ಕೆ ಬೇಸಿನ್ನು ಉರುಳಿ ಬಿಸಿನೀರು ಭುಜದಿಂದ ಮಣಿಕಟ್ಟಿನವರೆಗೆ ಸುರಿಯಿತು.

ನಲ್ಲಪ್ಪ ಓಡಿಬಂದಾಗ ಅವಳನ್ನು ಹೊರಗೆ ಹಲಸಿನ ಮರದ ಕೆಳಗೆ ಮಲಗಿಸಿದ್ದರು. ತೋಳಿನ ಚರ್ಮ ಬೊಬ್ಬೆಯೆದ್ದಿತ್ತು. ಅವಳು ಉಸಿರಾಡುತ್ತಿದ್ದಾಳೆಯೇ ಎಂದು ಮೂರು ಸಲ ಮುಟ್ಟಿ ನೋಡಿದ. ಆಮೇಲೆ ಎದ್ದು ನಿಂತ.

ಅಮ್ಮಾಜಮ್ಮ ಜಗುಲಿಯಿಂದ ಯಾರ ಆಸರೆಯೂ ಇಲ್ಲದೆ ನಡೆದು ಬಂದಿದ್ದಳು. “ಅಯ್ಯೋ ಪಾಪ. ಹಿಂದೂ ಮುಂದೂ ನೋಡ್ದೆ ಮುಟ್ಟಬಾರದಾಗಿತ್ತು,” ಎಂದಳು. “ನಾವೆಲ್ಲ ಮಡಿಯಾಗಿ ಮುಟ್ತೀವಿ, ನಮ್ಗೆ ಏನೂ ಮಾಡಲ್ಲ. ಮೈಲಿಗೇಲಿ ಮುಟ್ಟಿದ್ರೆ ಸುಮ್ನೆ ಬಿಡ್ತದಾ?”

ಅವಳ ದನಿಯಲ್ಲಿ ಕನಿಕರವಿತ್ತು. ನಲ್ಲಪ್ಪನಿಗೆ ಮೈ ಉರಿದದ್ದು ಆ ಕನಿಕರಕ್ಕೆ.

“ಅಮ್ಮಾ, ಕರೆಂಟಿಗೆ ಜಾತಿ ಗೊತ್ತಿಲ್ಲ,” ಎಂದ. “ಅದಕ್ಕೆ ಗೊತ್ತಿರೋದು ಒದ್ದೆ, ಒಣ, ಇವೆರಡೇ. ತೋರಿಸ್ತೀನಿ ಬನ್ನಿ.”

ಚೀಲದಿಂದ ಒಂದು ಬಲ್ಬು ತೆಗೆದ. ಅದಕ್ಕೆ ಎರಡು ವೈರು. ಒಂದನ್ನು ಕಂಬಕ್ಕೆ ಒತ್ತಿ, ಇನ್ನೊಂದರ ತುದಿಯ ಮೊಳೆಯನ್ನು ಅಮ್ಮಾಜಮ್ಮನ ಮಣೆಯ ಮೇಲಿಟ್ಟ. ಬಲ್ಬು ಸತ್ತ ಹಾಗಿತ್ತು. ಅದೇ ಮೊಳೆಯನ್ನು ಆಂಜಿನಮ್ಮ ನಿಲ್ಲುತ್ತಿದ್ದ ಜಾಗದ ಕೆಸರಿಗೆ ಚುಚ್ಚಿದ. ಬಲ್ಬಿನೊಳಗಿನ ಎಳೆ ಕೆಂಪಗೆ ಹೊತ್ತಿಕೊಂಡಿತು. ಶೆಡ್ಡಿನಲ್ಲಿದ್ದವರೆಲ್ಲ ಕತ್ತು ಚಾಚಿ ನೋಡಿದರು. ಹತ್ತು ವರ್ಷಕ್ಕೆ ಇವತ್ತಾದರೂ ಇವರ ತಲೆಗೆ ಇಳಿಯಿತಲ್ಲ ಎಂದು ನಲ್ಲಪ್ಪನಿಗೆ ಅಳುವೇ ಬಂತು.

“ನೋಡ್ದ್ರೇನ್ರೋ,” ಎಂದರು ನರಸಿಂಹಪ್ಪ ಮೇಷ್ಟ್ರು, ಕೈ ಮುಗಿದು. “ವೈರು ಕನೆಕ್ಷನ್ನು ಏನೂ ಇಲ್ಲದೆ ಬಲ್ಬು ಉರಿಸೋ ಶಕ್ತಿ ಐತೆ ಈ ಕಂಬದಲ್ಲಿ.”

ಮರುದಿನದಿಂದ ಸಾಲು ಇನ್ನೂ ಉದ್ದವಾಯಿತು.

ಮೂರು ವಾರ ಆಂಜಿನಮ್ಮ ತೋಳಿಗೆ ಲೋಳೆಸರ ಹಚ್ಚಿಕೊಂಡು ಮನೆಯಲ್ಲೇ ಕೂತಳು. ಅಷ್ಟು ದಿನವೂ ನಲ್ಲಪ್ಪ ಊರಿಗೂರನ್ನೇ ಬೈದ. ಇನ್ಸ್‌ಪೆಕ್ಟರಿಗೆ ಎರಡು ಕಾಗದ ಬರೆದ. ಅವರಿಗೆ ಬೇರೆ ಕಡೆ ವರ್ಗವಾಗಿದೆ, ಹೊಸಬರು ಬಂದ ಮೇಲೆ ನೋಡುತ್ತಾರೆ ಎಂದು ಜವಾಬು ಬಂತು. ಕೊನೆಗೆ ಹೆಂಡತಿಗೆ, “ನೀನು ಆ ಕಡೆ ತಲೆ ಹಾಕಿ ಮಲಗೋದೂ ಬೇಡ. ಬಿಟ್ಟುಬಿಡು ಆ ಕೆಲಸ” ಎಂದ.

ಅವಳು ತೋಳಿನ ಸಿಪ್ಪೆ ಬಿಡಿಸುತ್ತ ಕೂತಿದ್ದಳು.

“ನಾನು ಬಿಟ್ರೆ ಆ ಬೇಸಿನ್ನಿಗೆ ಅನಸೂಯಮ್ಮ ನಿಲ್ತಾಳೆ. ಅವಳ ಗಂಡ ವೈರ್‌ಮನ್ ಅಲ್ಲ.”

“ನಾನು ವೈರ್‌ಮನ್ ಆಗಿ ಏನು ಕಿಸ್ದೆ? ಕಟ್ಟಿದ್ದನ್ನೆಲ್ಲ ಬಿಚ್ಚಾಕ್ತಾರೆ.”

“ಕಾಣೋ ಹಂಗೆ ಕಟ್ತೀಯ, ಅದಕ್ಕೆ ಬಿಚ್ತಾರೆ,” ಎಂದಳು ಆಂಜಿನಮ್ಮ.

ನಲ್ಲಪ್ಪ ಅವಳನ್ನೇ ನೋಡಿದ. ಅವನು ಕಲಿತ ವಿದ್ಯೆಯಲ್ಲಿ ಅರ್ತ್ ತಂತಿ ಎಲ್ಲರಿಗೂ ಕಾಣಬೇಕು, ಪರೀಕ್ಷೆ ಮಾಡಲು ಕೈಗೆ ಸಿಗಬೇಕು. ಕದ್ದು ಮಾಡುವುದಕ್ಕೆ ಇದೇನು ಕಳ್ಳಭಟ್ಟಿಯೇ? ಸರಿಯಾದ ಕೆಲಸವನ್ನು ಕಳ್ಳತನದಲ್ಲಿ ಮಾಡಬೇಕಾದ ಊರಿಗೆ ಬೆಂಕಿ ಬೀಳಲಿ ಎಂದುಕೊಂಡ. ಎಂದುಕೊಂಡರೂ ಅಟ್ಟದಿಂದ ತಾಮ್ರದ ತಂತಿಯ ಸುರುಳಿ ಇಳಿಸಿದ.

ಮಹಾಲಯ ಅಮಾವಾಸ್ಯೆಗೆ ಶೆಡ್ಡಿಗೆ ಎರಡು ದಿನ ರಜೆ. ವೆಂಕಟರಾಮಪ್ಪ ತಾಯಿಯನ್ನು ಕರೆದುಕೊಂಡು ಹಿರಿಯರ ಪೂಜೆಗೆ ಜಂಗಮಕೋಟೆಗೆ ಹೊರಟ. ಮೋಟಾರಿಗೆ ಗ್ರೀಸ್ ಹಾಕಬೇಕೆಂದು ನಲ್ಲಪ್ಪ ಬೀಗದ ಕೈ ಕೇಳಿ ಪಡೆದ. ಹಾಡಹಗಲಿನಲ್ಲಿ, ಗಂಡ ಹೆಂಡತಿ ಇಬ್ಬರೂ ಸೇರಿ, ಮೋಟಾರಿನ ತಳದ ಬೋಲ್ಟಿಗೆ ಹೊಸ ತಂತಿ ಬಿಗಿದು, ಇಟ್ಟಿಗೆಯ ಸಂದಿನಲ್ಲಿ ಇಳಿಸಿ, ತೂಬಿನ ಪಕ್ಕದಲ್ಲಿ ನೆಲ ಬಗೆದು, ಗೋಡೆಯಾಚೆಯ ಗುಂಡಿಯ ಪೈಪಿಗೆ ಮಣ್ಣಿನೊಳಗೇ ಸೇರಿಸಿದರು. ಮೇಲೆ ಗಾರೆ ಮೆತ್ತಿ, ಹಳೆಯದಾಗಿ ಕಾಣಲೆಂದು ಬೂದಿ ಉಜ್ಜಿದರು. ಬಿಚ್ಚಿಹಾಕಿದ್ದ ಹಳೆಯ ತಂತಿಯನ್ನು ಇದ್ದ ಹಾಗೇ ಜೋಲುಬಿಟ್ಟರು. ಮೋಟಾರು ಓಡಿಸಿ, ಬಲ್ಬಿನ ಒಂದು ವೈರನ್ನು ಕಂಬಕ್ಕೂ ಮೊಳೆಯನ್ನು ಕೆಸರಿಗೂ ಇಟ್ಟರು. ಬಲ್ಬು ಹೊತ್ತಲಿಲ್ಲ.

ಗುಂಡಿಗೆ ನೀರಿನ ಪ್ರಶ್ನೆಯೊಂದು ಉಳಿದಿತ್ತು. ಮಳೆ ನಿಂತರೆ ಉಪ್ಪು ಗಟ್ಟಿಯಾಗಿ ಮಣ್ಣು ಒಣಗುತ್ತದೆ, ಒಣಗಿದ ಮಣ್ಣು ಕರೆಂಟನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. “ಬಾವಿ ತಾನೇ ಮುಟ್ಟಬಾರದು, ಬೇಸಿನ್ನಿನ ಹೊಲಸು ನೀರು ಯಾರದು?” ಎಂದಳು ಆಂಜಿನಮ್ಮ. ಸತ್ತ ಹುಳುಗಳ ನಾತ ಹೊಡೆಯುವ ಆ ನೀರನ್ನು ದಿನಾ ಸಂಜೆ ಎಲ್ಲಿಗಾದರೂ ಹೊತ್ತು ಚೆಲ್ಲಲೇಬೇಕಿತ್ತು. ಗುಂಡಿಯ ಮೇಲೆ ಚೆಲ್ಲಿದರೆ ಕೇಳುವವರು ಯಾರು? ಎಂಟು ಬೇಸಿನ್ನುಗಳ ನೀರು, ಎರಡು ಬಿಂದಿಗೆಗಿಂತ ಎಷ್ಟೋ ಹೆಚ್ಚು. ಹತ್ತು ವರ್ಷ ವೈರ್‌ಮನ್ ಆಗಿದ್ದ ನಲ್ಲಪ್ಪನಿಗೆ ಇದು ಹೊಳೆದಿರಲಿಲ್ಲ.

ಅಮಾವಾಸ್ಯೆ ಕಳೆದು ಶೆಡ್ಡು ತೆರೆದ ದಿನ ನಲ್ಲಪ್ಪ ಮೋಟಾರಿನ ಪಕ್ಕದಲ್ಲಿ ಸ್ಪ್ಯಾನರು ಹಿಡಿದು, ಇಲ್ಲದ ಕೆಲಸ ಮಾಡುತ್ತ ಕೂತ. ಅಮ್ಮಾಜಮ್ಮ ತಲೆಗೆ ಸ್ನಾನ ಮಾಡಿ ಬಂದು, ಮಣೆ ಹಾಕಿಸಿ, ಕಂಬ ಹಿಡಿದಳು. ನಲ್ಲಪ್ಪ ಕತ್ತೆತ್ತಿ ಅವಳ ಮುಖ ನೋಡಿದ. ಜುಂ ಎನ್ನಲಿಲ್ಲವೆಂದು ಮುದುಕಿ ಕೂಗಿದರೆ ಇವತ್ತೇ ಎಲ್ಲ ಬಯಲಾಗುತ್ತದೆ, ನೆಲ ಅಗೆಸಿದರೂ ಅಗೆಸಿಯಾಳು. ಮೋಟಾರು ಗಿರ್ರನೆ ತಿರುಗಿತು. ತಿರುಗುವ ಮೋಟಾರಿಗೆ ಕಚ್ಚಿಕೊಂಡ ಕಂಬ ಸಣ್ಣಗೆ ಅದುರಿತು.

“ಆಹಾ,” ಎಂದಳು ಅಮ್ಮಾಜಮ್ಮ. “ಎರಡು ದಿನ ರೆಸ್ಟು ಸಿಕ್ಕಿದ್ದಕ್ಕೆ ಇವತ್ತು ಬೋ ಜೋರಾಗೈತೆ ಕಣ್ರೋ.”

ನಲ್ಲಪ್ಪನ ಕೈಯಿಂದ ಸ್ಪ್ಯಾನರು ಜಾರಿ ಬಿತ್ತು. ಒಳಗೆ ಹನಿಯಷ್ಟೂ ಕರೆಂಟಿಲ್ಲದ ಕಬ್ಬಿಣ ಹಿಡಿದು ಮುದುಕಿಯ ಮಂಡಿ ವಾಸಿಯಾಗುತ್ತಿತ್ತು. ಹಾಗಾದರೆ ಇಷ್ಟು ದಿನ ಆ ತಂತಿ ಇದ್ದ ಕಡೆಯೇ ಇದ್ದಿದ್ದರೂ ನಡೆಯುತ್ತಿತ್ತು. ಹೆಂಡತಿಯ ತೋಳು ಬೇಯಬೇಕಾಗಿಯೇ ಇರಲಿಲ್ಲ. ಎದ್ದು ನಿಂತು ಇದನ್ನು ಗಂಟಲು ಹರಿಯುವಂತೆ ಕೂಗಿ ಹೇಳಬೇಕೆನ್ನಿಸಿತು. ಹೇಳಿದರೆ ತಂತಿ ಹೋಗುತ್ತದೆ. ಬಾಯಿ ಮುಚ್ಚಿಕೊಂಡು ಸ್ಪ್ಯಾನರು ಎತ್ತಿಕೊಂಡ.

ಆಗ ಆಂಜಿನಮ್ಮ ಒಳಗೆ ಬಂದಳು. ಸೆರಗನ್ನು ಸುಟ್ಟ ತೋಳಿನ ಮೇಲೆ ಎಳೆದುಕೊಂಡು ನೆಟ್ಟಗೆ ತನ್ನ ಬೇಸಿನ್ನಿನ ಕಡೆ ನಡೆದಳು. ಏಳೂ ಹೆಂಗಸರು ರಾಟೆ ಬಿಟ್ಟು ಅವಳನ್ನೇ ನೋಡಿದರು. ನೆಲದಲ್ಲಿ ಎಂದಿನಂತೆ ನೀರು.

“ದೂರ ನಿಲ್ಲಮ್ಮ ತಾಯಿ,” ಎಂದಳು ಅಮ್ಮಾಜಮ್ಮ, ಕಂಬದಿಂದ ಕೈ ತೆಗೆಯುತ್ತ. “ಒಂದ್ಸಲ ಹೊಡ್ದಿದ್ದು ಸಾಲದಾ?”

ಆಂಜಿನಮ್ಮ ಗಂಡನ ಕಡೆ ಒಂದು ಸಲ ನೋಡಿದಳು. ಬಲ್ಬು ಹೊತ್ತದಿದ್ದದ್ದನ್ನು ಅವಳೂ ಕಂಡಿದ್ದಳು. ಆದರೆ ಬಲ್ಬು ನೋಡುವುದು ಬೇರೆ, ಮುಟ್ಟುವುದು ಬೇರೆ. ನಲ್ಲಪ್ಪನಿಗೆ ತಾನು ಬಿಗಿದ ಒಂದೊಂದು ನಟ್ಟೂ ಕಣ್ಣ ಮುಂದೆ ಬಂತು. ಎಲ್ಲಾದರೂ ಸಡಿಲ ಬಿಟ್ಟೆನೇ? ಅವಳು ಬರಿಗಾಲನ್ನು ನೀರಿನಲ್ಲಿ ಊರಿ, ಒದ್ದೆ ಅಂಗೈಯನ್ನು ಪೂರಾ ಬಿಚ್ಚಿ, ಕಂಬದ ಮೇಲೆ ಅರಿಶಿನದ ಗುರುತಿದ್ದ ಕಡೆಯೇ ಇಟ್ಟಳು. ಇಟ್ಟ ಕೈ ತೆಗೆಯಲಿಲ್ಲ.

ಏನೂ ಆಗಲಿಲ್ಲ. ಏನೂ ಆಗದಿರುವುದೇ ನಲ್ಲಪ್ಪನ ಕಸುಬು. ಅದನ್ನು ಕಂಡು ಭೇಷ್ ಎಂದವರು ಇವತ್ತಿನವರೆಗೆ ಯಾರೂ ಇರಲಿಲ್ಲ.

ಅಮ್ಮಾಜಮ್ಮ ಆ ಕೈಯನ್ನು ನೋಡಿದಳು, ನೀರಿನಲ್ಲಿದ್ದ ಪಾದ ನೋಡಿದಳು. ಎಲ್ಲರಿಗೂ ಕೇಳುವಂತೆ ತೀರ್ಪು ಕೊಟ್ಟಳು.

“ಇವತ್ತು ಮಡೀಲಿ ಬಂದವ್ಳೆ. ಕಂಬಕ್ಕೆ ಗೊತ್ತಾಗ್ತೈತೆ.”

ನಲ್ಲಪ್ಪನ ಮೂಗು ಕೆಂಪಾಯಿತು. ಅವನು ಬಾಯಿ ತೆರೆಯುವ ಮೊದಲೇ ಆಂಜಿನಮ್ಮ ಹೇಳಿದಳು.

“ಹೂನಮ್ಮ. ಉಪ್ಪು ಇದ್ದಿಲು ಹಾಕಿ ಚೆನ್ನಾಗಿ ತಿಕ್ಕೊಂಡು ಬಂದೀನಿ.”

ಕಂಬದಿಂದ ಕೈ ತೆಗೆದು ಬಿಸಿನೀರಿಗೆ ಅದ್ದಿ, ಅವಳು ಎಳೆ ಹುಡುಕತೊಡಗಿದಳು.